ಟಿಕ್ ಟಿಕ್ ಕಿವಿಗೆ, ಹಾಡು ಸ್ಪೀಕರ್‌ಗೆ: ಲಿನಕ್ಸ್‌ನಲ್ಲಿ ನಾನು ಮಾಡಿಕೊಂಡ ದಾರಿ

ನನಗೆ ಬೇಕಿದ್ದದ್ದು ಇಷ್ಟೇ. ರೆಕಾರ್ಡಿಂಗ್ ಮಾಡುವಾಗ ಮೆಟ್ರೊನೋಮ್‌ನ ಟಿಕ್ ಟಿಕ್ ಹೆಡ್‌ಫೋನ್‌ನಲ್ಲಿ ಮಾತ್ರ ಕೇಳಬೇಕು, ಸ್ಪೀಕರ್‌ನಲ್ಲಿ ಬರೀ ಸಂಗೀತ ಬರಬೇಕು. ನಾಲ್ಕು ಔಟ್‌ಪುಟ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದ್ರೆ ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್, ನನ್ನ ಹತ್ತಿರ ಇತ್ತು. ಅದರಲ್ಲಿ 1-2 ಸ್ಪೀಕರ್‌ಗೆ, 3-4 ಹೆಡ್‌ಫೋನ್‌ಗೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಆರ್ಡೂರ್. ಇದಕ್ಕೆ ಮೂರು ಸಂಜೆ ಹಿಡಿಯಿತು.

ಮೊದಲ ಸಂಜೆ ಪೂರ್ತಿ ಒಂದೇ ತಪ್ಪಿಗೆ ಹೋಯಿತು. ಯಾವ ಆಡಿಯೋ ಸಿಸ್ಟಮ್ ಬೇಕು ಅಂತ ಆರ್ಡೂರ್ ಶುರುವಿನಲ್ಲೇ ಕೇಳುತ್ತದೆ. ನಾನು ಆಲ್ಸಾ ಆರಿಸಿದ್ದೆ. ಆಲ್ಸಾ ಅಂದ್ರೆ ಕರ್ನಲ್ ಮಟ್ಟದಲ್ಲಿ ಸೌಂಡ್ ಕಾರ್ಡ್ ನಡೆಸುವ ಪದರ. ಅದನ್ನು ಆರಿಸಿದರೆ ಆರ್ಡೂರ್ ಇಡೀ ಕಾರ್ಡನ್ನು ತಾನೇ ಹಿಡಿದುಕೊಳ್ಳುತ್ತದೆ. ಬ್ರೌಸರ್‌ನಲ್ಲಿ ಹಾಡು ಹಾಕಿದರೆ ಸದ್ದೇ ಇಲ್ಲ. ನಾನು ಕೇಬಲ್ ಕಿತ್ತು ಹಾಕಿ ನೋಡುತ್ತಾ ಕೂತಿದ್ದೆ.

ಹಿಂದೆ ಡೆಸ್ಕ್‌ಟಾಪ್ ಸದ್ದನ್ನು ಪಲ್ಸ್‌ಆಡಿಯೋ ಅನ್ನೋ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು, ಸಂಗೀತದ ಕೆಲಸಕ್ಕೆ ಜ್ಯಾಕ್ ಅನ್ನೋ ಇನ್ನೊಂದು ಬೇಕಿತ್ತು. ಎರಡಕ್ಕೂ ಒಂದೇ ಕಾರ್ಡ್ ಬೇಕಾದಾಗ ಜಗಳ. ಈಗ ಪೈಪ್‌ವೈರ್ ಆ ಎರಡರ ಜಾಗದಲ್ಲೂ ಕೂರುತ್ತದೆ. ಅದರ 1.0 ಆವೃತ್ತಿ 2023ರ ನವೆಂಬರ್‌ನಲ್ಲಿ ಬಂತು. ಪೈಪ್‌ವೈರ್‌ನ ಜ್ಯಾಕ್ ಪ್ಯಾಕೇಜ್ ಹಾಕಿಕೊಂಡು, ಆರ್ಡೂರ್‌ನಲ್ಲಿ ಆಲ್ಸಾ ಬಿಟ್ಟು ಜ್ಯಾಕ್ ಆರಿಸಿದೆ. ಬ್ರೌಸರ್, ಆರ್ಡೂರ್ ಎರಡೂ ಒಟ್ಟಿಗೆ ಕೇಳಿದವು. ಆವತ್ತು ಆದ ಖುಷಿ ಇನ್ನೂ ನೆನಪಿದೆ.

ಆದರೆ 3-4 ಔಟ್‌ಪುಟ್ ಎಲ್ಲೂ ಕಾಣಲಿಲ್ಲ. ಸಿಸ್ಟಮ್ ನನ್ನ ಕಾರ್ಡನ್ನು ಸಾದಾ ಸ್ಟೀರಿಯೋ ಅಂತ ತಿಳಿದಿತ್ತು. ಸದ್ದಿನ ಸೆಟ್ಟಿಂಗ್ ಬದಲಿಸುವ ಪಾವುಕಂಟ್ರೋಲ್ ತೆರೆದು, ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ಪ್ರೊಫೈಲನ್ನು 'ಪ್ರೊ ಆಡಿಯೋ' ಮಾಡಿದೆ. ನಾಲ್ಕೂ ಬಾಯಿ ತೆರೆದವು. ಇದನ್ನು ಬದಲಿಸುವ ಮೊದಲು ಸ್ಪೀಕರ್‌ನ ವಾಲ್ಯೂಮ್ ಇಳಿಸಿಡಿ. ಈ ಪ್ರೊಫೈಲ್ ಕಾರ್ಡಿನ ಒಳಗಿನ ಹಾರ್ಡ್‌ವೇರ್ ಮಿಕ್ಸರ್ ಬಳಸುವುದಿಲ್ಲ, ಸದ್ದು ದಿಢೀರ್ ಅಂತ ಜಾಸ್ತಿ ಬರಬಹುದು.

ಆಮೇಲಿನ ಕೆಲಸವೆಲ್ಲ ಕ್ಯೂಪಿಡಬ್ಲ್ಯೂಗ್ರಾಫ್‌ನಲ್ಲಿ, ಯಾವ ಸದ್ದು ಎಲ್ಲಿಗೆ ಹೋಗುತ್ತದೆ ಅಂತ ಪರದೆಯಲ್ಲಿ ತೋರಿಸುವ ಪ್ರೋಗ್ರಾಮ್ ಅದು. ಪ್ರತಿ ಪ್ರೋಗ್ರಾಮ್ ಒಂದು ಡಬ್ಬಿ, ನಡುವೆ ತಂತಿಗಳು. ಮೌಸ್‌ನಲ್ಲಿ ಎಳೆದು ಜೋಡಿಸಬಹುದು. ಇಲ್ಲಿ ಮತ್ತೆ ಎಡವಿದೆ. ಕಾರ್ಡಿನ ಮೇಲೆ 1ರಿಂದ 4 ಅಂತ ಬರೆದಿದೆ, ಪರದೆಯಲ್ಲಿ ಆಕ್ಸ್ 0ರಿಂದ ಆಕ್ಸ್ 3. ನಾನು 3 ಅಂದುಕೊಂಡು ಆಕ್ಸ್ 3ಕ್ಕೆ ಜೋಡಿಸಿದೆ. ಟಿಕ್ ಟಿಕ್ ಬಲಗಿವಿಯಲ್ಲಿ ಮಾತ್ರ! ಲೆಕ್ಕ ಸೊನ್ನೆಯಿಂದ ಶುರು, ಹಾಗಾಗಿ 3-4 ಅಂದ್ರೆ ಆಕ್ಸ್ 2 ಮತ್ತು 3.

ಆರ್ಡೂರ್‌ನಲ್ಲಿ ಕ್ಲಿಕ್‌ಗೆ (ಮೆಟ್ರೊನೋಮ್‌ನ ಟಿಕ್ ಟಿಕ್‌ಗೆ) ತನ್ನದೇ ಪೋರ್ಟ್ ಇದೆ, ಅದು ಹಾಡೆಲ್ಲ ಸೇರಿ ಹೊರಬರುವ ಮಾಸ್ಟರ್ ಮೂಲಕ ಹೋಗುವುದಿಲ್ಲ. ಇದು ಗೊತ್ತಾದ ಮೇಲೆ ಕೆಲಸ ಸುಲಭ. ಕ್ಲಿಕ್‌ನಿಂದ ಆಕ್ಸ್ 0, 1ಕ್ಕೆ ಹೋಗಿದ್ದ ತಂತಿ ಕತ್ತರಿಸಿ 2, 3ಕ್ಕೆ ಎಳೆದೆ. ಮಾಸ್ಟರ್ ಎರಡು ಜೋಡಿಗೂ ಹೋಯಿತು. ಕಿವಿಯಲ್ಲಿ ಹಾಡೂ ತಾಳವೂ, ಸ್ಪೀಕರ್‌ನಲ್ಲಿ ಹಾಡು ಮಾತ್ರ.

ಉಳಿದದ್ದು ನುಡಿಸಿದ್ದಕ್ಕೂ ಕೇಳುವುದಕ್ಕೂ ನಡುವಿನ ತಡ. ಪೈಪ್‌ವೈರ್ ಸುಮ್ನೆ ಬಿಟ್ಟರೆ 48000 ಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ 1024 ಸ್ಯಾಂಪಲ್ (ಸದ್ದಿನ ಸಣ್ಣ ಸಣ್ಣ ತುಣುಕು) ತೆಗೆದುಕೊಳ್ಳುತ್ತದೆ, ಅಂದ್ರೆ ಸುಮಾರು 21 ಮಿಲಿಸೆಕೆಂಡ್. ಕೀಬೋರ್ಡ್ ನುಡಿಸುವವರ ಬೆರಳಿಗೆ ಅದು ಗೊತ್ತಾಗುತ್ತದೆ. 128ಕ್ಕೆ ಇಳಿಸಿದೆ, 2.7 ಮಿಲಿಸೆಕೆಂಡ್. ಆದರೆ ಚಟಪಟ ಸದ್ದು ಶುರುವಾಯಿತು. ಟರ್ಮಿನಲ್‌ನಲ್ಲಿ ಪೈಪ್‌ವೈರ್‌ನ ಸ್ಥಿತಿ ತೋರಿಸುವ ಪಿಡಬ್ಲ್ಯೂ-ಟಾಪ್ ಓಡಿಸಿದರೆ ದೋಷದ ಕಾಲಮ್‌ನಲ್ಲಿ ಅಂಕಿ ಏರುತ್ತಲೇ ಇತ್ತು. 256ರಲ್ಲಿ ಅದು ನಿಂತಿತು. ನನ್ನ ಯಂತ್ರಕ್ಕೆ ಅದೇ ಸರಿ.

ಆರ್ಡೂರ್ ತನ್ನ ತಂತಿಗಳನ್ನು ಸೆಷನ್ ಜೊತೆ ಉಳಿಸುತ್ತದೆ. ಬೇರೆ ಪ್ರೋಗ್ರಾಮ್‌ಗಳದ್ದಕ್ಕೆ ಕ್ಯೂಪಿಡಬ್ಲ್ಯೂಗ್ರಾಫ್‌ನ ಪ್ಯಾಚ್‌ಬೇ ಫೈಲ್, ಅಂದ್ರೆ ತಂತಿಗಳ ಪಟ್ಟಿ, ಇಟ್ಟುಕೊಂಡಿದ್ದೇನೆ. ಅದರಲ್ಲಿ 'ಎಕ್ಸ್‌ಕ್ಲೂಸಿವ್' ಅನ್ನೋದನ್ನು ಒತ್ತಬೇಡಿ. ಫೈಲ್‌ನಲ್ಲಿ ಇಲ್ಲದ ತಂತಿಗಳನ್ನೆಲ್ಲ ಅದು ಕತ್ತರಿಸುತ್ತದೆ. ಒಮ್ಮೆ ಒತ್ತಿದ್ದೆ, ಬ್ರೌಸರ್ ಮತ್ತೆ ಮೂಕವಾಯಿತು. ಆದರೆ ಆ ಸಲ ಕೇಬಲ್ ಮುಟ್ಟಲಿಲ್ಲ. ಪರದೆಯಲ್ಲಿ ಬ್ರೌಸರ್‌ನ ಡಬ್ಬಿ ತಂತಿ ಇಲ್ಲದೆ ಒಂಟಿಯಾಗಿ ನಿಂತಿರುವುದು ಕಣ್ಣಿಗೇ ಕಾಣುತ್ತಿತ್ತು.