ತಾಲ್ಲೂಕು ಟಾಕೀಜ್‌ನ ಮಾರ್ನಿಂಗ್ ಶೋ: ನಮ್ಮ ಪಿಚ್ಚರ್ ಮಾರಿದ ಬಗೆ

ವಾರದ ದಿನ, ಬೆಳಿಗ್ಗೆ ಹನ್ನೊಂದರ ಶೋ, ಹೀರೋ ಯಾರಂತ ಯಾರಿಗೂ ಗೊತ್ತಿಲ್ಲದ ಕನ್ನಡ ಪಿಚ್ಚರ್. ಇದಕ್ಕೆ ತಾಲ್ಲೂಕು ಊರಿನಲ್ಲಿ ಇನ್ನೂರೈವತ್ತು ಜನ ಟಿಕೆಟ್ ಕೊಂಡು ಬರ್ತಾರೆ ಅಂದರೆ ಗಾಂಧಿನಗರದಲ್ಲಿ ನಗುತ್ತಾರೆ. ಹುಬ್ಬಳ್ಳಿಯಲ್ಲೂ ನಕ್ಕರು. "ನಾಯಿನೂ ಬರೂದಿಲ್ರಿ ಸರ, ಸುಮ್ನ ರೊಕ್ಕಾ ಹಾಳ್ಮಾಡ್ಕೋಬ್ಯಾಡ್ರಿ" ಅಂದಿದ್ದ ಹಂಚಿಕೆದಾರರೇ ಈಗ ಫೋನ್ ಮಾಡಿ ಹೆಂಗ್ ಮಾಡಿದ್ರಿ ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಾ ಬಿಚ್ಚಿ ಹೇಳೋದಿಲ್ಲ. ಇನ್ನೊಂದು ಪಿಚ್ಚರ್ ಮಾಡಬೇಕಲ್ವಾ.

ನಮ್ಮದು ಗದಗ ಕಡೆಯ ಮಾತಿನ ಪಿಚ್ಚರ್. ಖರ್ಚು ಇಪ್ಪತ್ನಾಲ್ಕು ಲಕ್ಷದ ಆಸುಪಾಸು. 2024ರಲ್ಲಿ ಎಲ್ಲರ ಹಾಗೆ ಒಂದು ಶುಕ್ರವಾರ ಇಪ್ಪತ್ತು ಚಿಲ್ಲರೆ ಸ್ಕ್ರೀನ್‌ಗಳಲ್ಲಿ ಬಿಟ್ಟೆವು. ಸಿಂಗಲ್ ಸ್ಕ್ರೀನ್‌ಗೆ ವಾರದ ಬಾಡಿಗೆ ಮೊದಲೇ ಕಟ್ಟಬೇಕು. ರೀಲು ಹೋಗಿ ಪ್ರಿಂಟ್ ಖರ್ಚು ಉಳಿಯಿತು ಅಂತಾರೆ, ಆದರೆ ಆ ಜಾಗದಲ್ಲಿ ಪಿಚ್ಚರನ್ನು ಟಾಕೀಜ್‌ನ ಪ್ರೊಜೆಕ್ಟರ್‌ಗೆ ತಲುಪಿಸುವ ಡಿಜಿಟಲ್ ಕಂಪನಿಯ ಚಾರ್ಜು ಬಂದು ಕೂತಿದೆ. ಅದೂ ನಿರ್ಮಾಪಕನ ತಲೆಗೇ. ಮಲ್ಟಿಪ್ಲೆಕ್ಸ್‌ನಲ್ಲಿ ಬಾಡಿಗೆ ಇಲ್ಲ, ಶೇರ್, ಅಂದರೆ ಟಿಕೆಟ್ ದುಡ್ಡಿನಲ್ಲಿ ಪಾಲು. ಆದರೆ ನಮಗೆ ಸಿಕ್ಕ ಶೋ ಬೆಳಿಗ್ಗೆ ಒಂಬತ್ತೂವರೆ, ಇಲ್ಲಾ ರಾತ್ರಿ ಹತ್ತೂಮುಕ್ಕಾಲು. ನಮ್ಮ ಪಿಚ್ಚರ್ ನೋಡುವ ಜನ ಆ ಹೊತ್ತಿಗೆ ಒಂದೋ ರೊಟ್ಟಿ ಬಡಿಯುತ್ತಿರುತ್ತಾರೆ, ಇಲ್ಲಾ ಮಲಗಿರುತ್ತಾರೆ. ಸೋಮವಾರದ ಹೊತ್ತಿಗೆ ಅರ್ಧ ಕಡೆ ತೆಗೆದರು. ಬಾಡಿಗೆ, ಪೋಸ್ಟರ್, ಆ ಚಾರ್ಜು, ಈ ಚಾರ್ಜು ಎಲ್ಲಾ ಸೇರಿ ಆರು ಲಕ್ಷದ ಹತ್ತಿರ ಹೋಯಿತು.

ಅದರಲ್ಲಿ ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಟ್ರೇಲರ್‌ಗೆ ಹಾಕಿದ ಒಂದು ಲಕ್ಷಕ್ಕೆ. ಬೆಂಗಳೂರಿನ ಒಂದು ಏಜೆನ್ಸಿ, ಐದು ಲಕ್ಷ ವ್ಯೂಸ್ ಗ್ಯಾರಂಟಿ ಅಂದಿತ್ತು. ವ್ಯೂಸ್ ಬಂತು ಕೂಡ. ಆಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಯಾವ ಊರು, ಎಷ್ಟು ಹೊತ್ತು ನೋಡಿದರು ಅಂತ ತೆಗೆದರೆ, ಮುಕ್ಕಾಲು ಭಾಗ ಕರ್ನಾಟಕದ್ದೇ ಅಲ್ಲ. ಎರಡೂವರೆ ನಿಮಿಷದ ಟ್ರೇಲರನ್ನು ಬಹಳ ಜನ ಹತ್ತು ಸೆಕೆಂಡೂ ನೋಡಿಲ್ಲ. ಗದಗ ಜಿಲ್ಲೆಯ ಜನ ನನ್ನ ಟ್ರೇಲರ್ ನೋಡಿದರೋ ಇಲ್ಲವೋ ಅನ್ನೋದು ಐದು ಲಕ್ಷದ ಆ ಅಂಕಿಯಲ್ಲಿ ಗೊತ್ತಾಗೋದೇ ಇಲ್ಲ. ಅವತ್ತಿನಿಂದ ವ್ಯೂಸ್ ಲೆಕ್ಕ ಬಿಟ್ಟೆ. ಸೀಟಿನ ಲೆಕ್ಕ ಹಿಡಿದೆ.

ಓಟಿಟಿ ಕಡೆಯೂ ಹೋಗಿ ಬಂದೆ. ಸ್ಟಾರ್ ಯಾರು ಅಂತ ಮೊದಲ ಪ್ರಶ್ನೆ. ಸ್ಟಾರ್ ಇಲ್ಲ ಅಂದರೆ ಪೂರ್ತಿ ಖರೀದಿ ಇಲ್ಲ, ನೋಡಿದಷ್ಟು ಗಂಟೆಗೆ ದುಡ್ಡು. ನಡುವೆ ಒಬ್ಬ ಏಜೆಂಟು, ಅವನಿಗೆ ಮುಂಗಡ. ಲೆಕ್ಕ ಹಾಕಿ ಎದ್ದು ಬಂದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಗದಗ, ಹಾವೇರಿ ಜಿಲ್ಲೆಗಳಲ್ಲಿ ಉಳಿದಿರೋ ಟಾಕೀಜ್‌ಗಳು ವಾರದ ದಿನ ಬೆಳಿಗ್ಗೆ ಖಾಲಿ ಹೊಡೆಯುತ್ತವೆ. ಮಾಲೀಕರಿಗೆ ಆ ಶೋ ಓಡಿಸಿದರೆ ಕರೆಂಟ್ ಬಿಲ್ಲೇ ನಷ್ಟ. ಆ ಒಂದು ಶೋ ಮಾತ್ರ ಬಾಡಿಗೆಗೆ ಕೊಡಿ ಅಂದೆ. ನಾಲ್ಕು ಸಾವಿರಕ್ಕೆ ಒಪ್ಪಿದವರಿದ್ದಾರೆ, ಆರಕ್ಕೆ ಎಳೆದವರೂ ಇದ್ದಾರೆ. ಸರಾಸರಿ ಐದು. ಡಿಜಿಟಲ್ ಚಾರ್ಜನ್ನೂ ವಾರಕ್ಕಲ್ಲ, ಶೋ ಲೆಕ್ಕದಲ್ಲಿ ಮಾತಾಡಿಕೊಂಡರೆ ನೂರುಗಳಲ್ಲಿ ಮುಗಿಯುತ್ತದೆ. ಒಂದು ಷರತ್ತು ನನಗೆ ನಾನೇ ಹಾಕಿಕೊಂಡಿದ್ದೆ: ನೂರೈವತ್ತು ಟಿಕೆಟ್ ಮೊದಲೇ ಹೋಗದ ಹೊರತು ಟಾಕೀಜ್‌ಗೆ ಅಡ್ವಾನ್ಸ್ ಕೊಡೋದಿಲ್ಲ, ಪಿಚ್ಚರ್‌ನ ಫೈಲ್ ತೆರೆಯುವ ಡಿಜಿಟಲ್ ಕೀ ತರಿಸೋದಿಲ್ಲ.

ಟಿಕೆಟ್ ಯಾರು ಕೊಳ್ಳುತ್ತಾರೆ? ಸ್ತ್ರೀಶಕ್ತಿ ಸಂಘದವರು, ಸ್ವಸಹಾಯ ಸಂಘದವರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾದಾ ಬಸ್ಸು ಫ್ರೀ. ಹಳ್ಳಿಯಿಂದ ತಾಲ್ಲೂಕಿಗೆ ಬಂದು ಹೋಗೋಕೆ ಪೈಸೆ ಖರ್ಚಿಲ್ಲ. ಮೊದಲೆಲ್ಲಾ ಪಿಚ್ಚರ್ ನೋಡೋಕೆ ಬಸ್ ಚಾರ್ಜು, ಟಿಕೆಟ್, ಹೋಟೆಲ್ ಸೇರಿ ಇನ್ನೂರು ದಾಟುತ್ತಿತ್ತು. ಈಗ ಟಿಕೆಟ್ ಒಂದೇ. ಇದನ್ನು ದೊಡ್ಡ ಹಂಚಿಕೆದಾರರು ಯಾಕೆ ಗಮನಿಸಲಿಲ್ಲವೋ ನನಗೆ ತಿಳಿಯದು. ಬಹುಶಃ ಅವರು ಬಸ್ಸಿನಲ್ಲಿ ಓಡಾಡೋದಿಲ್ಲ.

ಶೋ ಟೈಮನ್ನು ಬಸ್ಸಿನ ಟೈಮಿಗೆ ಹೊಂದಿಸಿದೆ. ಸುತ್ತಲಿನ ಹಳ್ಳಿಗಳ ಬಸ್ಸು ಹತ್ತೂವರೆ ಒಳಗೆ ಬಂದು ಬೀಳುತ್ತವೆ, ಹಾಗಾಗಿ ಹನ್ನೊಂದೂಕಾಲಕ್ಕೆ ಶುರು. ಒಂದೂವರೆಗೆ ಬಿಡಲೇಬೇಕು. ಮಕ್ಕಳು ಸಾಲಿಯಿಂದ ಬರೋದರೊಳಗೆ ಅವರು ಮನೆಯಲ್ಲಿರಬೇಕು. ನಮ್ಮ ಪಿಚ್ಚರ್ ಎರಡು ಗಂಟೆ ಇಪ್ಪತ್ತು ನಿಮಿಷ ಇತ್ತು. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಕತ್ತರಿಸಿದೆವು. ಡೈರೆಕ್ಟರ್ ನನ್ನ ಜೊತೆ ಮಾತು ಬಿಟ್ಟ. ಕತ್ತರಿಸಿದರೆ ಅಷ್ಟಕ್ಕೇ ಮುಗಿಯೋದಿಲ್ಲ, ಸರ್ಟಿಫಿಕೇಟ್ ಆದ ಮೇಲಿನ ಯಾವ ಬದಲಾವಣೆಯನ್ನೂ ಸೆನ್ಸಾರ್ ಕಚೇರಿಗೆ ತಿಳಿಸಿ ಬರೆಸಿಕೊಳ್ಳಬೇಕು. ಟಾಕೀಜ್‌ನಲ್ಲಿ ಓಡಿಸುವ ಡಿಜಿಟಲ್ ಕಾಪಿ, ಅಂದರೆ ಡಿಸಿಪಿ, ಹೊಸದಾಗಿ ಮಾಡಿಸುವ ಖರ್ಚು ಬೇರೆ. ಆದರೂ ಮಾಡಿ. ಒಂದೂಮುಕ್ಕಾಲಿನ ಬಸ್ಸು ತಪ್ಪಿದ ಹೆಣ್ಣುಮಗಳು ಪಿಚ್ಚರ್ ಎಷ್ಟೇ ಚಲೋ ಇದ್ದರೂ ಊರಿಗೆ ಹೋಗಿ ಬೈಯುತ್ತಾಳೆ.

ಪ್ರಚಾರಕ್ಕೆ ಟ್ರೇಲರ್ ಕಳಿಸಿದರೆ ಯಾರೂ ಒತ್ತಿ ನೋಡಲಿಲ್ಲ. ಡೇಟಾ ಖರ್ಚಾಗುತ್ತದೆ ಅನ್ನೋ ಹೆದರಿಕೆ ಇನ್ನೂ ಇದೆ. ಕೆಲಸ ಮಾಡಿದ್ದು ವಾಯ್ಸ್ ನೋಟ್. ನನ್ನ ದನಿಯಲ್ಲಲ್ಲ, ಸಂಘದ ಅಧ್ಯಕ್ಷೆಯ ದನಿಯಲ್ಲಿ. ಲಕ್ಷ್ಮೇಶ್ವರ ಕಡೆಯ ಒಬ್ಬ ಅಕ್ಕಾರು ಕಳಿಸಿದ್ದು ನನ್ನ ಫೋನಿನಲ್ಲಿ ಇನ್ನೂ ಇದೆ: "ಎಲ್ಲಾ ಅಕ್ಕಾರಿಗೆ ನಮಸ್ಕಾರ್ರಿ. ಬುಧವಾರ ವಾರದ ಸಭಾ ಇರೂದಿಲ್ಲ. ಅವತ್ತ ಎಲ್ಲಾರೂ ಪಿಚ್ಚರ್‌ಗೆ ಹೊಂಟೀವಿ. ಎಂಬತ್ತ ರೂಪಾಯಿ. ಹತ್ತರ ಬಸ್ಸಿಗೆ ಬರ್ರಿ, ಆಧಾರ್ ಕಾರ್ಡ್ ಮರೀಬ್ಯಾಡ್ರಿ. ಗಂಡಸ್ರು ಬರೂದಿಲ್ಲ." ಈ ಕೊನೇ ವಾಕ್ಯ ನಾನು ಹೇಳಿಕೊಟ್ಟಿದ್ದಲ್ಲ. ಅದೊಂದರಿಂದಲೇ ಅವತ್ತು ಐವತ್ತು ಟಿಕೆಟ್ ಜಾಸ್ತಿ ಹೋಗಿರಬೇಕು ಅಂತ ನನ್ನ ಅಂದಾಜು. ಟಿಕೆಟ್‌ಗೆ ಹತ್ತು ರೂಪಾಯಿ ಸಂಘದ ಖಾತೆಗೆ. ಅಧ್ಯಕ್ಷೆಯರನ್ನು ಮೊದಲ ಸಲ ಹೇಗೆ ಹಿಡಿಯಬೇಕು, ಯಾರ ಮೂಲಕ ಹೋಗಬೇಕು ಅನ್ನೋದನ್ನು ಇಲ್ಲಿ ಹೇಳೋದಿಲ್ಲ. ಅದಕ್ಕೇ ನನಗೆ ಜಾಸ್ತಿ ಟೈಮ್ ಹಿಡಿದದ್ದು.

ಒಂದೇ ಮೆಸೇಜನ್ನು ಬಹಳ ಜನಕ್ಕೆ ಒಟ್ಟಿಗೆ ಕಳಿಸೋ ಬ್ರಾಡ್‌ಕಾಸ್ಟ್ ಬಗ್ಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಒಂದು ಲಿಸ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಯಾರೋ ಮಾರುವ ನಂಬರ್ ಲಿಸ್ಟ್ ಕೊಂಡು ಕಳಿಸಿದರೆ ನಂಬರೇ ಬ್ಲಾಕ್ ಆಗುತ್ತದೆ. ನನ್ನದೊಂದು ಸಿಮ್ ಹಾಗೇ ಹೋಯಿತು. ಆಮೇಲೆ ಇಂಟರ್ವಲ್‌ನಲ್ಲಿ ಪರದೆ ಮೇಲೆ ನಂಬರ್ ಹಾಕಿ, ಮಿಸ್ಡ್ ಕಾಲ್ ಕೊಟ್ಟು ಸೇವ್ ಮಾಡಿಕೊಂಡವರಿಗೆ ಪಿಚ್ಚರ್‌ನ ಸೋಬಾನೆ ಪದ ಕಳಿಸುತ್ತೇನೆ ಅಂದೆ. ಈಗ ನಾಲ್ಕು ಸಾವಿರ ಚಿಲ್ಲರೆ ನಂಬರ್ ಇವೆ. ಮುಂದಿನ ಪಿಚ್ಚರ್‌ಗೆ ಇದೇ ನನ್ನ ಆಸ್ತಿ.

ಫೇಸ್‌ಬುಕ್ ಜಾಹೀರಾತಿಗೆ ಊರಿಗೆ ಸಾವಿರದಿಂದ ಒಂದೂವರೆ ಸಾವಿರ. ಮ್ಯಾಪ್‌ನಲ್ಲಿ ಊರಿಗೆ ಪಿನ್ ಹಾಕಿ ಸುತ್ತ ಇಪ್ಪತ್ತೈದು ಕಿಲೋಮೀಟರ್. 'ಮಹಿಳೆಯರು' ಅಂತ ಆರಿಸಿದರೆ ಯಾರಿಗೂ ಹೋಗೋದಿಲ್ಲ. ನಮ್ಮ ಕಡೆ ಅವ್ವನ ಫೋನಿನಲ್ಲೂ ಮಗನ ಅಕೌಂಟೇ ಇರುತ್ತದೆ. ಹುಡುಗರಿಗೇ ಹಾಕಿದೆ, "ಅವ್ವನ್ನ ಪಿಚ್ಚರ್‌ಗೆ ಕಳಿಸಿ ಎಷ್ಟ್ ವರ್ಷ ಆತೋ ತಮ್ಮಾ?" ಅಂತ. ನಾನು ಬರೆದ ಜಾಹೀರಾತುಗಳಲ್ಲಿ ಇದೇ ಗೆದ್ದದ್ದು.

ಒಂದು ಶೋ ಲೆಕ್ಕ ನೆನಪಿನಿಂದ ಹೇಳುತ್ತೇನೆ. 260 ಟಿಕೆಟ್, ಎಂಬತ್ತರಂತೆ ಇಪ್ಪತ್ತು ಸಾವಿರದ ಎಂಟುನೂರು. ನೂರರವರೆಗಿನ ಟಿಕೆಟ್‌ಗೆ ಆಗ ಶೇ. 12 ಜಿಎಸ್‌ಟಿ, ಎರಡು ಸಾವಿರದ ಇನ್ನೂರು ಅಲ್ಲಿಗೆ. ಸಂಘಕ್ಕೆ ಎರಡು ಸಾವಿರದ ಆರುನೂರು. ಬಾಡಿಗೆ ಐದು ಸಾವಿರ. ಡಿಜಿಟಲ್ ಚಾರ್ಜು ಏಳೆಂಟು ನೂರು. ಜಾಹೀರಾತು ಒಂದೂವರೆ ಸಾವಿರ, ಡೀಸೆಲ್ಲು ಊಟ ಒಂದೂವರೆ ಸಾವಿರ. ಕೈಗೆ ಏಳು ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5ಕ್ಕೆ ಇಳಿದ ಮೇಲೆ ಶೋಗೆ ಸಾವಿರದ ಮೇಲೆ ಜಾಸ್ತಿ ಉಳಿಯುತ್ತಿದೆ. ಅದೇ ತಿಂಗಳು ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದ್ದು, ಹೈಕೋರ್ಟ್ ತಡೆ ಕೊಟ್ಟಿದ್ದು ನಿಮಗೆ ಗೊತ್ತು. ನಮಗೆ ಅದರ ಬಿಸಿಯೂ ಇಲ್ಲ, ತಂಪೂ ಇಲ್ಲ. ಇಲ್ಲಿ ನೂರು ದಾಟಿದರೆ ಜನ ಹೊಸ್ತಿಲು ದಾಟೋದಿಲ್ಲ.

ಎಲ್ಲಾ ಶೋ ಹೀಗೆ ತುಂಬಲಿಲ್ಲ. ದಿನ ನೋಡಿ ಹಾಕಬೇಕು. ಗದಗ ಸೀಮೆಯಲ್ಲಿ ಸೋಮವಾರ ಎತ್ತು ಹೂಡೋದಿಲ್ಲ, ಹಾಗಾಗಿ ಸೋಮವಾರ ಚಲೋ ದಿನ. ಅದೇ ಲೆಕ್ಕ ಬ್ಯಾಡಗಿಗೆ ತೆಗೆದುಕೊಂಡು ಹೋದರೆ ಕೆಟ್ಟಿತು. ಅಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರ್ಕೆಟ್ಟು. ಹಂಗಾಮಿನಲ್ಲಂತೂ ಹೆಣ್ಣುಮಕ್ಕಳು ತೊಟ್ಟು ಬಿಡಿಸುವ ಕೆಲಸದಲ್ಲಿರುತ್ತಾರೆ. "ಇವತ್ತಿನ ಪಗಾರ ನೀವು ಕೊಡ್ತೀರೇನ್ರಿ?" ಅಂದರು ಒಬ್ಬರು. ಮೂವತ್ತೆಂಟು ಜನಕ್ಕೆ ಶೋ ಓಡಿಸಿದೆ. ಹೆಸರುಕಾಳು ಬಿಡಿಸುವ ಹೊತ್ತಿನಲ್ಲಿ ರೋಣ, ನರಗುಂದದ ಕಡೆ ತಲೆ ಹಾಕಲೇಬೇಡಿ. ಅಮಾವಾಸ್ಯೆ ಬೇಡ. ಸಂತೆ ದಿನ ಮಾತ್ರ ಎರಡೂ ಬದಿ: ಜನ ಊರಿಗೆ ಬಂದೇ ಬರ್ತಾರೆ, ಆದರೆ ಚೀಲ ಹಿಡಿದುಕೊಂಡು ಒಳಗೆ ಕೂರೋದಿಲ್ಲ. ಚೀಲ ಇಡೋಕೆ ಟೋಕನ್ ಮಾಡಿದೆ. ಆ ಮೇಲೆ ಸರಿ ಹೋಯಿತು.

ಟಾಕೀಜ್‌ಗಳ ಸ್ಥಿತಿಯೂ ಹೇಳಬೇಕು. ಪ್ರೊಜೆಕ್ಟರ್ ಲ್ಯಾಂಪು ಉಳಿಸೋಕೆ ಬೆಳಕು ಇಳಿಸಿ ಓಡಿಸುತ್ತಾರೆ, ರಾತ್ರಿ ಸೀನು ಪೂರ್ತಿ ಕಪ್ಪು. ಆಪರೇಟರ್ ಕೈಗೆ ಇನ್ನೂರು ಕೊಟ್ಟರೆ ಬೆಳಕು ಬರುತ್ತದೆ. ಸೌಂಡು ಇನ್ನೂ ಮುಖ್ಯ. ಪರದೆ ಹಿಂದೆ ನಡುವಿನ ಸ್ಪೀಕರ್ ಒಂದು ನೆಟ್ಟಗಿರಬೇಕು, ಮಾತು ಬರೋದು ಅದರಲ್ಲೇ. ಸೈಡಿನ ಸ್ಪೀಕರ್ ಸತ್ತಿದ್ದರೂ ಯಾರೂ ಕೇಳೋದಿಲ್ಲ. ನಾನು ಹಿಂದಿನ ದಿನವೇ ಹೋಗಿ ಪೆನ್‌ಡ್ರೈವ್ ಹಾಕಿಸಿ ಕೊನೇ ಸಾಲಿನಲ್ಲಿ ಕೂತು ಕೇಳುತ್ತೇನೆ.

ನಡುನಡುವೆ ಬೇರೆ ಪ್ರಯೋಗಗಳೂ ಆದವು. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಹುಡುಗರಿಗೆ ಅಂತ ರಾತ್ರಿ ಶೋ ಇಟ್ಟೆ. ಲೈಬ್ರರಿ, ಪಿಜಿ ಗೋಡೆಗಳಿಗೆ ಕ್ಯೂಆರ್ ಅಂಟಿಸಿದೆ. ಬಂದರು, ಆದರೆ ಮರುದಿನ ಟೆಸ್ಟ್ ಅಂತ ಇಂಟರ್ವಲ್‌ಗೆ ಕಾಲು ಭಾಗ ಎದ್ದು ಹೋದರು. ದುಡ್ಡು ಅಷ್ಟಕ್ಕಷ್ಟೆ. ಇನ್ನೊಂದು, ಹಾವೇರಿ ಕಡೆಯ ಒಂದು ಸಂಘದವರು ಇಂಟರ್ವಲ್‌ನಲ್ಲಿ ಖಾರದ ಪುಡಿ, ಕಡಕ್ ರೊಟ್ಟಿ ಮಾರ್ತೀವಿ ಅಂತ ಕೇಳಿದರು. ಕ್ಯಾಂಟೀನ್‌ನವನು ಜಗಳಕ್ಕೆ ಬಂದ, ಅವನಿಗೆ ಐನೂರು ಕೊಟ್ಟು ಒಪ್ಪಿಸಿದೆ. ನನ್ನ ಲಾಭಕ್ಕಿಂತ ಅವರ ವ್ಯಾಪಾರವೇ ಜಾಸ್ತಿ ಆಯಿತು ಅಂತ ಕಾಣುತ್ತದೆ. ಆದರೆ ರೊಟ್ಟಿ ಮಾರುವ ಆಸೆಗೆ ಮುಂದಿನ ಊರಿನ ಸಂಘಗಳು ತಾವಾಗಿ ಫೋನ್ ಮಾಡಿದವು.

ನೂರರ ಹತ್ತಿರ ಶೋ ಆದ ಮೇಲೆ ಯೂಟ್ಯೂಬ್‌ನಲ್ಲಿ ಪೂರ್ತಿ ಪಿಚ್ಚರ್ ಬಿಟ್ಟೆ, ನಮ್ಮದೇ ಚಾನೆಲ್‌ನಲ್ಲಿ. ಬಿಟ್ಟ ವಾರದಲ್ಲೇ ಒಂದು ಆಡಿಯೋ ಕಂಪನಿಯಿಂದ ಕಾಪಿರೈಟ್ ಕ್ಲೇಮ್. ನಮ್ಮವರೇ ಹಾಡಿದ ಗೀಗಿ ಪದ, ಧಾಟಿ ಅವರ ಹಳೇ ಕ್ಯಾಸೆಟ್‌ನಲ್ಲೂ ಇದೆಯಂತೆ. ತಕರಾರು ಹಾಕಿದರೆ ಉತ್ತರಕ್ಕೆ ಅವರಿಗೆ 30 ದಿನ ಟೈಮ್. ಅಷ್ಟೂ ದಿನ ದುಡ್ಡು ತೂಗುಯ್ಯಾಲೆ. ಕೊನೆಗೆ ಬಿಟ್ಟರು. ನಮಗೆ ಹತ್ತು ಲಕ್ಷ ವ್ಯೂಸ್‌ಗೆ ನಲವತ್ತು ಸಾವಿರದ ಹತ್ತಿರ ಬಂದಿದೆ. ಅಷ್ಟು ಹೊತ್ತು ಕೂತು ನೋಡುವ ಪಿಚ್ಚರ್‌ಗೆ ಇದು ಕಡಿಮೆಯೇ. ಆದರೆ ಇಲ್ಲಿ ವ್ಯೂಸ್ ಯಾವ ಊರಿನದ್ದು ಅಂತ ನೋಡಿದರೆ ಹುಬ್ಬಳ್ಳಿ, ವಿಜಯಪುರ, ಕಲಬುರಗಿ, ಆಮೇಲೆ ಪುಣೆ, ಗೋವಾ. ದುಡಿಯೋಕೆ ಹೋದ ನಮ್ಮ ಜನ. ಯಾವ ಏಜೆನ್ಸಿಯೂ ಇಲ್ಲದೆ.

ಯೂಟ್ಯೂಬ್‌ಗೆ ಬಂದ ಮೇಲೆ ಟಾಕೀಜ್‌ಗೆ ಯಾರು ಬರ್ತಾರೆ ಅಂದುಕೊಂಡಿದ್ದೆ. ಬರುತ್ತಿದ್ದಾರೆ. ಸಂಘದವರಿಗೆ ಪಿಚ್ಚರ್ ಒಂದು ನೆಪ, ಒಂದು ದಿನ ಮನೆ ಬಿಟ್ಟು ಕೂಡಿ ಬರೋದೇ ಮುಖ್ಯ. ಶೋಗಳಿಂದ ಒಟ್ಟು ಆರೇಳು ಲಕ್ಷ ಬಂದಿದೆ, ಅಂದರೆ ಮೊದಲ ರಿಲೀಸಿನಲ್ಲಿ ಹೋದದ್ದು ಬಂದ ಹಾಗಾಯಿತು. ಪಿಚ್ಚರ್‌ಗೆ ಹಾಕಿದ ಇಪ್ಪತ್ನಾಲ್ಕರಲ್ಲಿ ಇನ್ನೂ ಬರಬೇಕಾದ್ದು ಬಹಳ ಇದೆ. ಸರ್ಕಾರದ ಸಬ್ಸಿಡಿ ಬಂದರೆ ನೋಡಬೇಕು.

ಈಗಿನ ತೊಂದರೆ ಬೇರೆ. ಇನ್ನೂ ಇಬ್ಬರು ನಿರ್ಮಾಪಕರು ಇದೇ ದಾರಿ ಹಿಡಿದಿದ್ದಾರೆ. ಐದು ಸಾವಿರ ಇದ್ದ ಮಾರ್ನಿಂಗ್ ಶೋ ಬಾಡಿಗೆ ಎಂಟಾಗಿದೆ. "ನೀವs ರೂಢಿ ಹಚ್ಚಿದ್ದಲ್ರಿ" ಅಂತಾರೆ ಮಾಲೀಕರು. ಬಾಡಿಗೆ ಬಿಡಿ, ಶೇರ್‌ಗೆ ಬನ್ನಿ ಅಂತ ನಾನು ಹಟ ಹಿಡಿದಿದ್ದೇನೆ. ಅರ್ಧರ್ಧಕ್ಕೆ ಒಬ್ಬರು ಒಪ್ಪುವ ಹಾಗಿದೆ. ಯಾವ ಊರು ಅಂತ ಮಾತ್ರ ಈಗಲೇ ಹೇಳೋದಿಲ್ಲ.