ಚೌಕಾಬಾರ ಕಲಿಸಬೇಕಾದರೆ ಮೊದಲು ಹುಣಸೆ ಬೀಜ ತಿಕ್ಕಿ

ಹೋದ ಏಪ್ರಿಲಲ್ಲಿ ಮೊಮ್ಮಕ್ಕಳು ಬೆಂಗಳೂರಿಂದ ಅರಸೀಕೆರೆಗೆ ಬರೋ ಮುಂಚೆಯೇ ನಾನು ಆನ್‌ಲೈನಲ್ಲಿ ಚೌಕಾಬಾರದ ಸೆಟ್ ತರಿಸಿಟ್ಟಿದ್ದೆ. ದಪ್ಪ ಬಟ್ಟೆ ಮೇಲೆ ಮನೆ ಅಚ್ಚು ಹಾಕಿದ್ದರು. ನಾಲ್ಕು ಬಣ್ಣದ ಮರದ ಕಾಯಿ, ಪುಟ್ಟ ಚೀಲದಲ್ಲಿ ಕವಡೆ. ಹಾಸಿ, ಇಬ್ಬರನ್ನೂ ಕೂರಿಸಿ, "ನಮ್ಮ ಕಾಲದಲ್ಲಿ..." ಅಂತ ಶುರು ಹಚ್ಚಿಕೊಂಡೆ. ಹತ್ತು ನಿಮಿಷಕ್ಕೆ ಹನ್ನೊಂದು ವರ್ಷದ ದೊಡ್ಡವನು ಫೋನಿಗೆ ಕೈ ಚಾಚಿದ. ಎಂಟು ವರ್ಷದವಳು ಕವಡೆಯನ್ನ ಕಿವಿಗೆ ಹಿಡಿದು ಸಮುದ್ರ ಕೇಳಿಸುತ್ತಾ ಅಂತ ನೋಡ್ತಾ ಕೂತಳು.

ಸೆಟ್ ಚೆನ್ನಾಗೇ ಇತ್ತು. ಭಾಷಣ ನಂದು.

ಎರಡನೇ ಸಲ ಬೇರೆ ಥರ ಮಾಡಿದೆ, ಹಿಡೀತು. ನಿಮ್ಮ ಮನೆಗೂ ರಜೆಗೆ ಮಕ್ಕಳು ಬರೋದಿದ್ದರೆ ಹೀಗೆ ಮಾಡಿ ನೋಡಿ.

ಹುಣಸೆ ಬೀಜದಿಂದ ಶುರು ಮಾಡಿ, ಕವಡೆ ಬದಲು ಅದನ್ನೇ ಹಾಕಿ ಆಡೋದು. ನಮ್ಮಜ್ಜಿ ಮನೆಯಲ್ಲಿ ಬೇಸಿಗೆ ಅಂದರೆ ಹುಣಸೆಹಣ್ಣು ಕುಟ್ಟಿ, ಬೀಜ ತೆಗೆದು, ಉಪ್ಪು ಬೆರೆಸಿ ವರ್ಷಕ್ಕಾಗೋಷ್ಟು ತುಂಬಿಡೋ ಕಾಲ. ಜಗಲಿ ತುಂಬ ಬೀಜ ಚೆಲ್ಲಾಡಿರೋದು. ಚೌಕಾಬಾರ ಬೇಸಿಗೆ ಆಟ ಆಗಿದ್ದೇ ಅದಕ್ಕೆ ಅಂತ ನನಗೀಗ ಅನ್ನಿಸುತ್ತೆ. ಜೊತೆಗೆ ಮಧ್ಯಾಹ್ನ ಬಿಸಿಲಿಗೆ ಯಾರೂ ಆಚೆ ಬಿಡ್ತಿರಲಿಲ್ಲ, ಮನೆಯಲ್ಲಿ ಬೇರೆ ಮಾಡೋದಕ್ಕೆ ಏನೂ ಇರಲಿಲ್ಲ. ನನ್ನ ಮಗಳ ಅಡುಗೆಮನೆಯಲ್ಲಿರೋದು ಹುಣಸೆ ಪೇಸ್ಟು, ಬಾಟಲಿಯದ್ದು. ಹಾಗಾಗಿ ಸಂತೆಯಲ್ಲಿ ಬೀಜ ಇರೋ ಹಣ್ಣನ್ನೇ ಕೇಳಿ ತನ್ನಿ, ಕಾಲು ಕೆಜಿ ಸಾಕು. ಬೀಜ ಬಿಡಿಸೋದನ್ನೂ ಮಕ್ಕಳಿಗೇ ಬಿಡಿ. ಕೈ ಅಂಟಾಗುತ್ತೆ, ನೆಕ್ಕುತ್ತಾರೆ, ಹಲ್ಲು ಚುಳ್ ಅನ್ನುತ್ತೆ. ಆಗಲಿ.

ಒಂದೇ ಗಾತ್ರದ ದಪ್ಪ ಬೀಜ ಆರು ಆರಿಸಿ. ನಾಲ್ಕು ಆಟಕ್ಕೆ, ಎರಡು ಸೋಫಾ ಕೆಳಗೆ ಕಳೆದುಹೋಗೋದಕ್ಕೆ. ಒಂದು ಮುಖವನ್ನಷ್ಟೇ ಒರಟು ಕಲ್ಲಿನ ಮೇಲೆ ತಿಕ್ಕಬೇಕು. ಮೇಲಿನ ಕಂದು ಸಿಪ್ಪೆ ಗಟ್ಟಿ, ಮೊದಲು ಜಾರುತ್ತೆ. ಆಮೇಲೆ ನಡುವೆ ಚುಕ್ಕಿಯಷ್ಟು ಬಿಳಿ ಕಾಣಿಸುತ್ತೆ, ಆ ಚುಕ್ಕಿ ಅಗಲ ಆಗ್ತಾ ಆಗ್ತಾ ಅಂಚಿಗೆ ಬರುತ್ತೆ. ಅಂಚಿಗೆ ಬಂದ ಕೂಡಲೇ ನಿಲ್ಲಿಸಿ. ಇನ್ನೂ ತಿಕ್ಕಿದರೆ ಬೀಜ ಬಿಲ್ಲೆಯಾಗಿ ಉರುಳೋದಿಲ್ಲ. ಅಪಾರ್ಟ್‌ಮೆಂಟಿನ ಟೈಲ್ಸ್ ಮೇಲೆ ಇದು ಆಗದ ಕೆಲಸ. ಪಾರ್ಕಿಂಗಿನ ಸಿಮೆಂಟ್ ಕಟ್ಟೆಗೆ ಕರಕೊಂಡು ಹೋಗಿ, ಇಲ್ಲಾ ಹಾರ್ಡ್‌ವೇರ್ ಅಂಗಡಿಯಿಂದ ಒರಟು ಸ್ಯಾಂಡ್ ಪೇಪರ್ ತನ್ನಿ.

ತಿಕ್ಕಿದ ಬೀಜ ಸುಡೋ ಹಾಗೆ ಬಿಸಿಯಾಗುತ್ತೆ. ಇದನ್ನ ನಾನು ಬೇಕಂತಲೇ ಹೇಳಿರಲಿಲ್ಲ. ದೊಡ್ಡವನು ತಾನೇ ಕಂಡುಕೊಂಡ, ಮೆಲ್ಲಗೆ ತಂಗಿಯ ಮೊಣಕೈಗೆ ಮುಟ್ಟಿಸಿದ. ಅವಳು ಕಿರುಚಿದ್ದು ಬೀದಿ ಕೊನೆಗೆ ಕೇಳಿಸಿರಬೇಕು. ಎರಡೇ ನಿಮಿಷಕ್ಕೆ ಅವಳೂ ಒಂದು ಬೀಜ ಹಿಡಿದು ಕಲ್ಲಿನ ಮುಂದೆ ಕೂತಿದ್ದಳು, ಸೇಡಿಗೆ. ನನ್ನ ಎಡಗೈ ಮೇಲೆ ನಮ್ಮಣ್ಣ ಮುಟ್ಟಿಸಿದ ಬಿಸಿ ಐವತ್ತು ವರ್ಷ ಆದರೂ ನೆನಪಿದೆ. ಭಾಷಣಕ್ಕಿಂತ ಅದೇ ಚೆನ್ನಾಗಿ ಮುಟ್ಟುತ್ತೆ.

ಮನೆ ಬರೆಯೋದು ಸುಲಭ. ಸೀಮೆಸುಣ್ಣದಲ್ಲಿ ಒಂದು ದೊಡ್ಡ ಚೌಕ, ಒಳಗೆ ಅಡ್ಡ ನಾಲ್ಕು, ಉದ್ದ ನಾಲ್ಕು ಗೆರೆ. ಐದೈದಲ ಇಪ್ಪತ್ತೈದು ಮನೆ. ನಾಲ್ಕೂ ಬದಿಯ ನಡುವಿನ ಮನೆಗೆ ಮತ್ತು ಮಧ್ಯದ ಮನೆಗೆ ಕತ್ತರಿ ಗುರುತು ಹಾಕಿ, ಅವು ಕಟ್ಟೆ. ಗೆರೆ ಸೊಟ್ಟಗಿದ್ದರೆ ಇರಲಿ, ತಿದ್ದಬೇಡಿ.

ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಮಗೆ ಒಡೆದ ಬಳೆ ಚೂರು, ಪೊರಕೆ ಕಡ್ಡಿ, ಇಟ್ಟಿಗೆ ಚೂರು ಇದ್ದವು. ಇವಳು ಪೆನ್ನಿನ ಮುಚ್ಚಳ ತಂದಳು, ಇವನು ಲೆಗೋ ತುಂಡು. ನಾನು ಬಳೆ ಚೂರು ಹುಡುಕಿಕೊಂಡು ಹೋದರೆ ಸಿಗಲೇ ಇಲ್ಲ. ಗಾಜಿನ ಬಳೆ ತೊಡೋರು ಮನೆಯಲ್ಲಿ ಯಾರೂ ಇಲ್ಲ, ನಾನೂ ಸೇರಿ.

ಬೀಜ ನಾಲ್ಕನ್ನೂ ಹಾಕಿದಾಗ ಬಿಳಿ ಎಷ್ಟು ಬಿತ್ತೋ ಅಷ್ಟು ಗರ, ಕಾಯಿ ಅಷ್ಟು ಹೆಜ್ಜೆ ಹೋಗುತ್ತೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ಒಂದೂ ಬಿಳಿ ಇಲ್ಲದಿದ್ದರೆ ಬಾರ, ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಗರ ಸಿಗುತ್ತೆ, ಅಂದರೆ ಬೀಜ ಇನ್ನೊಂದು ಸಲ ಹಾಕಬಹುದು. ಬೇರೆಯವರ ಕಾಯಿ ಕಡಿದರೂ ಸಿಗುತ್ತೆ. ನಿಮ್ಮ ಮುಂದಿನ ಕಟ್ಟೆಯೇ ನಿಮ್ಮ ಮನೆ, ಕಾಯಿ ಅಲ್ಲಿಂದ ಹೊರಡುತ್ತೆ. ಬಲಗಡೆಗೆ ಹೊರಟು ಹೊರಸುತ್ತು ಪೂರ್ತಿ ಸುತ್ತಿ, ನಿಮ್ಮ ಮನೆಗೆ ಇನ್ನೊಂದೇ ಹೆಜ್ಜೆ ಅನ್ನುವಾಗ ಒಳಗೆ ತಿರುಗಬೇಕು. ಒಳಗಿನ ಎಂಟು ಮನೆಯನ್ನ ಉಲ್ಟಾ ಸುತ್ತಿದರೆ ಕಾಯಿ ನಿಮ್ಮ ಮನೆಯ ಎದುರಿಗೇ ಬಂದು ನಿಲ್ಲುತ್ತೆ. ಅಲ್ಲಿಂದ ಮಧ್ಯಕ್ಕೆ ಒಂದು ಹೆಜ್ಜೆ, ಕಾಯಿ ಹಣ್ಣಾಯ್ತು. ಒಟ್ಟು 24 ಹೆಜ್ಜೆ. ಕಟ್ಟೆಯಲ್ಲಿ ಕೂತ ಕಾಯಿಯನ್ನ ಯಾರೂ ಕಡಿಯೋ ಹಾಗಿಲ್ಲ. ಮಿಕ್ಕ ಕಡೆ ನಿಮ್ಮ ಕಾಯಿ ಹೋಗಿ ನಿಂತಲ್ಲಿ ಬೇರೆಯವರದು ಸಿಕ್ಕಿದರೆ ಕಡಿದು ಅವರ ಮನೆಗೆ ಅಟ್ಟಬಹುದು. ಒಬ್ಬರದ್ದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ. ಆಟದ ಜೀವ ಇರೋದೇ ಈ ಕೊನೇ ನಿಯಮದಲ್ಲಿ. ಒಳ್ಳೆಯವರಾಗಿ ಇದ್ದುಬಿಡ್ತೀನಿ ಅಂದರೆ ಹಣ್ಣಾಗೋಕೆ ಆಗಲ್ಲ. ಜೋಡಿ ಕಾಯಿ, ಗಟ್ಟಿ ಅನ್ನೋ ನಿಯಮಗಳನ್ನೆಲ್ಲ ಎರಡನೇ ವಾರಕ್ಕೆ ಇಟ್ಟುಕೊಳ್ಳಿ.

ದೊಡ್ಡವನು ಮೂರನೇ ದಿನ ಲೆಕ್ಕ ಹಾಕಿ ತಂದ. ನಾಲ್ಕು ಬೀಜ ಬೀಳೋಕೆ 16 ಥರ ಇದೆಯಂತೆ. ಎರಡು ಬೀಳೋದು ಆರು ಥರ, ಒಂದು ಮತ್ತು ಮೂರು ನಾಲ್ಕು ನಾಲ್ಕು ಥರ, ಚೌಕ ಒಂದೇ, ಬಾರ ಒಂದೇ. "ಅಜ್ಜಿ, ಎಂಟು ಸಲ ಹಾಕಿದರೆ ಒಂದು ಸಲ ಚೌಕಾನೋ ಬಾರಾನೋ ಬೀಳಬೇಕು, ನಿಂಗೆ ಜಾಸ್ತಿ ಬೀಳ್ತಿದೆ," ಅಂದ. ಬೀಜ ನಾವೇ ತಿಕ್ಕಿದ್ದಲ್ವ, ಎರಡು ಮುಖ ಒಂದೇ ಸಮ ಎಲ್ಲಿರುತ್ತೆ ಅಂದೆ. ನಿಜ ಏನಂದರೆ ನಾನು ಮೋಸ ಮಾಡ್ತಿದ್ದೆ. ಬೀಜಗಳನ್ನ ಅಂಗೈಯಲ್ಲೇ ಜೋಡಿಸಿಕೊಂಡು, ಕೈ ನೆಲಕ್ಕೆ ತಗ್ಗಿಸಿ ಮೆಲ್ಲಗೆ ಜಾರಿಸೋದು. ನಮ್ಮಣ್ಣನ ವಿದ್ಯೆ. ಸಿಕ್ಕಿಬಿದ್ದೆ. ಎರಡೂ ಕೈ ಮುಚ್ಚಿ ಕುಲುಕಿ ಎತ್ತರದಿಂದಲೇ ಹಾಕಬೇಕು ಅಂತ ಮಕ್ಕಳೇ ನಿಯಮ ಮಾಡಿದರು. ನೀವು ಹೇಳಿಕೊಟ್ಟ ನಿಯಮಕ್ಕಿಂತ ನಿಮ್ಮನ್ನ ಹಿಡಿದುಹಾಕಿ ಅವರು ಮಾಡಿದ ನಿಯಮವನ್ನ ಗಟ್ಟಿಯಾಗಿ ಹಿಡ್ಕೊತಾರೆ. ಒಂದು ಸಲವಾದರೂ ಸಿಕ್ಕಿಬೀಳೋ ಹಾಗೆ ಮೋಸ ಮಾಡಿ.

ಜಗಳ ಬಂದೇ ಬರುತ್ತೆ. ನಡುವೆ ಹೋಗಬೇಡಿ. ನಾವು ಆಡುವಾಗ ದೊಡ್ಡವರು ನಿದ್ದೆ ಮಾಡ್ತಿದ್ದರು, ಪಂಚಾಯ್ತಿಗೆ ಯಾರೂ ಇರಲಿಲ್ಲ. ಈಗಿನ ಮಕ್ಕಳು ಎರಡು ಮಾತು ಹೆಚ್ಚಾದರೆ ತಿರುಗಿ ದೊಡ್ಡವರ ಮುಖ ನೋಡ್ತಾರೆ. ಆ ಹೊತ್ತಿಗೆ ನಾನು ಎದ್ದು ಒಣಗಿದ ಬಟ್ಟೆ ತರೋಕೆ ಹೋಗಿಬಿಡ್ತೀನಿ. ಬರುವಷ್ಟರಲ್ಲಿ ಒಂದೋ ಆಟ ಮುಂದುವರಿದಿರುತ್ತೆ, ಇಲ್ಲಾ ಬೀಜ ದಿಕ್ಕಾಪಾಲು. ಎರಡೂ ಆಗಿದೆ.

ಇದು ಹಳೇ ಆಟ ಅನ್ನೋದು ಮಕ್ಕಳಿಗೆ ಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಇಂಥ ಮಣೆ ಆಟಗಳೆಂದರೆ ಪ್ರಾಣ, ತಾವೇ ಹೊಸ ಆಟ ಕಟ್ಟುತ್ತಿದ್ದರು ಅಂದೆ. ಇಬ್ಬರೂ ಆಕಳಿಸಿದರು. ಅದೇ ಹಂಪಿಗೆ ಹೋದಾಗ ಮಂಟಪದ ಹಾಸುಗಲ್ಲಿನ ಮೇಲೆ ಯಾರೋ ಗೀರಿದ್ದ ಆಟದ ಮನೆ ಕಂಡು ಚಿಕ್ಕವಳು ಅಲ್ಲೇ ಕೂತುಬಿಟ್ಟಳು, ಕಾಯಿಗೆ ಕಲ್ಲು ಹುಡುಕ್ತಾ.

ನಮ್ಮ ಬಾಲ್ಯವೇ ಚೆನ್ನ ಅಂತ ಹೇಳೋಕೆ ನನಗೆ ಬಾಯಿ ಬರೋದಿಲ್ಲ. ಆಟ ಅರ್ಧಕ್ಕೆ ಬಂದಾಗ ಒಳಗಿಂದ "ಬಾರೇ, ನೀರು ತುಂಬಬೇಕು" ಅಂತ ಕೂಗು ಬರೋದು. ಅಣ್ಣನನ್ನ ಯಾರೂ ಕೂಗ್ತಿರಲಿಲ್ಲ. ಬಿಂದಿಗೆ ಇಳಿಸಿ ಬರೋ ಹೊತ್ತಿಗೆ ನನ್ನ ಕಾಯಿ ಯಾವ ಮನೆಯಲ್ಲಿತ್ತು ಅನ್ನೋದು ಎಲ್ಲರಿಗೂ ಮರೆತುಹೋಗಿರೋದು, ನನ್ನೊಬ್ಬಳನ್ನ ಬಿಟ್ಟು. ಅದಕ್ಕೇ ನಮ್ಮಲ್ಲಿ ಈಗ ಒಂದು ನಿಯಮ ಇದೆ: ಆಟದಿಂದ ಎದ್ದವರ ಕಾಯಿ ಮುಟ್ಟೋ ಹಾಗಿಲ್ಲ. ಮುಗಿಯದ ಆಟದ ಮೇಲೆ ಮಂಕರಿ ಬೋರಲು ಹಾಕಿ ಮಲಗ್ತೀವಿ, ಬೆಳಿಗ್ಗೆ ಎತ್ತಿದರೆ ಕಾಯಿ ಇದ್ದಲ್ಲೇ ಇರುತ್ತೆ. ಮಂಕರಿ ಇಲ್ಲದಿದ್ದರೆ ಬಟ್ಟೆ ಬುಟ್ಟಿ ಆಗುತ್ತೆ. ಕಸ ಗುಡಿಸೋರಿಗೆ ಮೊದಲೇ ಹೇಳಿಡಿ, ನಮ್ಮ ಒಂದು ಆಟ ಹಾಗೇ ಹೋಯ್ತು.

ಹೋದ ಭಾನುವಾರ ನನ್ನದು ಮೂರು ಕಾಯಿ ಹಣ್ಣಾಗಿತ್ತು, ನಾಲ್ಕನೆಯದಕ್ಕೆ ಎರಡು ಬೀಳಬೇಕಿತ್ತು. ಅಡುಗೆಮನೆಯಿಂದ ಮಗಳು ಕೂಗಿದಳು, "ಅಮ್ಮಾ, ಬಂದು ಅನ್ನಕ್ಕೆ ಎಷ್ಟು ನೀರು ನೋಡು." ಕೈಯಲ್ಲಿ ಬೀಜ ಕುಲುಕ್ತಾ, "ನೀನೇ ನೋಡ್ಕೋ, ನನ್ನ ಗರ ಇದೆ" ಅಂದೆ. ಒಂದು ಬಿತ್ತು. ಅನ್ನ ಮುದ್ದೆಯಾಗಿತ್ತು.