ಗೋಧಿ ಬೀಜ ತರೋ ಮುಂಚೆ ತುಕ್ಕಿನ ಸ್ಕೋರ್ ಓದೋದು ಹೇಗೆ

ಹಿಂಗಾರಿಗೆ ಗೋಧಿ ಬಿತ್ತೋರು ಅಂಗಡೀಲಿ ಇಳುವರಿ ಎಷ್ಟು ಅಂತ ಕೇಳ್ತಾರೆ, ತುಕ್ಕು ರೋಗ (ಎಲೆ, ಕಾಂಡದ ಮೇಲೆ ಪುಡಿ ಉದುರೋ ಗುಳ್ಳೆ ಏಳಿಸೋ ಶಿಲೀಂಧ್ರ ರೋಗ) ತಡಿಯುತ್ತಾ ಅಂದ್ರೆ ಅಂಗಡಿಯವರು ಹೂಂ ಅಂತಾರೆ, ಅಲ್ಲಿಗೆ ಮಾತು ಮುಗೀತು. ದಯವಿಟ್ಟು ಅಷ್ಟಕ್ಕೇ ಬಿಡಬೇಡಿ, ಯಾವ ತುಕ್ಕು, ಸ್ಕೋರ್ ಎಷ್ಟು ಅಂತ ಕೇಳಿ.

ಹಳದಿ ತುಕ್ಕಿಗೆ ತಂಪು ಬೇಕು, ಅದು ಪಂಜಾಬ್, ಹಿಮಾಚಲದ ಕಡೆ ಕಾಟ ಕೊಡೋದು. ಧಾರವಾಡ, ವಿಜಯಪುರ, ಬಾಗಲಕೋಟೆ ಬಯಲಲ್ಲಿ ನೋಡಬೇಕಾದ್ದು ಎಲೆ ತುಕ್ಕು ಮತ್ತೆ ಕಾಂಡದ ತುಕ್ಕು, ನಾವು ಭಂಡಾರ ರೋಗ ಅಂತೀವಲ್ಲ ಅದೇ. ಬೇಸಿಗೆ ಬಿಸಿಲಿಗೆ ಬಯಲಲ್ಲಿ ಇದರ ಬೀಜಕಣ ಸತ್ತೋಗುತ್ತೆ, ಆದ್ರೆ ನೀಲಗಿರಿ, ಪಳನಿ ಬೆಟ್ಟದ ತಂಪಲ್ಲಿ ಬದುಕಿದ್ದು ಗಾಳಿ ಹಿಡ್ಕೊಂಡು ಬರುತ್ತೆ, ಇದನ್ನ ಗೋಧಿ ತುಕ್ಕಿನ ವಿಜ್ಞಾನಿ ಕೆ.ಸಿ. ಮೆಹ್ತಾ ಅವರು ಎಷ್ಟೋ ಹಿಂದೇನೇ ತೋರಿಸಿದ್ರು. ಹಂಗಾಗಿ ಹೊಲ ಎಷ್ಟು ಸ್ವಚ್ಛ ಇಟ್ರೂ ಅದು ಬಂದೇ ಬರುತ್ತೆ, ತಡಿಯೋ ಶಕ್ತಿ ಬೀಜದಲ್ಲೇ ಇರಬೇಕು.

ಈಗ ಸ್ಕೋರ್. ಸಂಶೋಧನಾ ಕೇಂದ್ರದವರ ಪಟ್ಟೀಲಿ 40ಎಸ್, 20ಎಂಆರ್ ಅಂತ ಬರೆದಿರ್ತಾರೆ. ಅಂಕಿ ಅಂದ್ರೆ ಎಲೆ ಮೇಲೆ ತುಕ್ಕು ಶೇಕಡಾ ಎಷ್ಟು ಹರಡಿದೆ ಅಂತ, ಅಕ್ಷರ ಅಂದ್ರೆ ಗಿಡ ಅದಕ್ಕೆ ಹೆಂಗೆ ಎದುರು ನಿಂತಿದೆ ಅಂತ. ಗುಳ್ಳೆ ದಪ್ಪಗಿದ್ದು ಒಡೆದು ಕಿತ್ತಳೆ ಪುಡಿ ಉದುರ್ತಾ ಇದ್ರೆ ಎಸ್ (ರೋಗಕ್ಕೆ ಬಗ್ಗೋದು), ಗುಳ್ಳೆ ಸಣ್ಣಗಿದ್ದು ಸುತ್ತ ಎಲೆ ಹಳದಿ ಆಗಿ ಸತ್ತಿದ್ರೆ ಎಂಆರ್ (ತಕ್ಕಮಟ್ಟಿಗೆ ತಡಿಯೋದು), ಗುಳ್ಳೆನೇ ಇಲ್ಲದೆ ಬರೀ ಸಣ್ಣ ಸತ್ತ ಚುಕ್ಕೆ ಇದ್ರೆ ಆರ್ (ಚೆನ್ನಾಗಿ ತಡಿಯೋದು). ಎಸ್‌ಗೂ ಎಂಆರ್‌ಗೂ ನಡುವಿನದ್ದು ಎಂಎಸ್. ಎಸ್‌ಗೆ 1, ಎಂಎಸ್‌ಗೆ 0.8, ಎಂಆರ್‌ಗೆ 0.4, ಆರ್‌ಗೆ 0.2ರಿಂದ ಅಂಕಿಯನ್ನ ಗುಣಿಸಿ. 40ಎಸ್ ಅಂದ್ರೆ 40, 40ಎಂಆರ್ ಅಂದ್ರೆ ಬರೀ 16, ಅಂದ್ರೆ ಒಂದೇ 40 ಆದ್ರೂ ಹೊಲದಲ್ಲಿ ಭಾರೀ ವ್ಯತ್ಯಾಸ. ಒಂದೇ ವರ್ಷದ ಸ್ಕೋರ್ ನಂಬಬೇಡಿ, ಎರಡು ಮೂರು ವರ್ಷದ್ದು, ಬೇರೆ ಬೇರೆ ಊರಿನದ್ದು ಕೇಳಿ.

ಪೂರ್ತಿ ಸೊನ್ನೆ ಸ್ಕೋರ್ ಇದ್ದ ತಳಿನೇ ಬೆಸ್ಟ್ ಅನ್ಕೋಬೇಡಿ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಒಂದೇ ದೊಡ್ಡ ಜೀನ್ ಮೇಲೆ ನಿಂತ ತಳಿ ತುಕ್ಕಿನ ಹೊಸ ರೇಸ್, ಅಂದ್ರೆ ಹೊಸ ಬಗೆ, ಬಂದ ದಿನ ಮಕಾಡೆ ಬೀಳುತ್ತೆ. ರೈ ಧಾನ್ಯದಿಂದ ಗೋಧಿಗೆ ಬಂದ ಎಸ್‌ಆರ್31 ಜೀನ್ ಎಷ್ಟೋ ದೇಶದ ತಳಿಗಳನ್ನ ಕಾಂಡದ ತುಕ್ಕಿಂದ ಕಾಯ್ತಿತ್ತು, 1998ರಲ್ಲಿ ಉಗಾಂಡಾದಲ್ಲಿ ಸಿಕ್ಕ ಯುಜಿ99 ಅನ್ನೋ ರೇಸ್ ಅದನ್ನ ದಾಟಿಬಿಡ್ತು. ಆದ್ರೆ ಎಸ್‌ಆರ್2 ಅನ್ನೋ ಇನ್ನೊಂದು ಜೀನ್ ನಮ್ಮ ಸದಕ ಗೋಧಿಯ ಬಳಗದ್ದೇ ಆದ ಎಮ್ಮರ್ ಗೋಧಿಯಿಂದ ಬಂದದ್ದು, ಹತ್ತತ್ರ ನೂರು ವರ್ಷದಿಂದ ನಿಧಾನಕ್ಕೆ ಆದ್ರೂ ಕೆಲಸ ಮಾಡ್ತಾನೇ ಇದೆ. ಎಲ್‌ಆರ್34 ಜೀನ್ ಕೂಡ ಹಂಗೇ, ರೋಗ ಬರಗೊಡುತ್ತೆ ಆದ್ರೆ ಜೋರಾಗೋಕೆ ಬಿಡಲ್ಲ. ಎಸ್‌ಆರ್2 ಇದ್ರೆ ತೆನೆ ಹೊಟ್ಟು, ಗಂಟಿನ ಹತ್ರ ಕಪ್ಪು ಛಾಯೆ ಬರಬಹುದು, ಎಲ್‌ಆರ್34 ಇದ್ರೆ ತೆನೆ ಬಂದ ಮೇಲೆ ಕೊನೇ ಎಲೆ ತುದಿ ಒಣಗುತ್ತೆ, ಇದನ್ನ ರೋಗ ಅಂತ ಔಷಧಿ ಹೊಡೀಬೇಡಿ. ಇಂಥ ಜೀನ್ ಎರಡು ಮೂರು ಒಟ್ಟಿಗೆ ಇರೋ ತಳಿ ಕೇಳಿ. ನೀರಿದ್ದು ಸದಕ ಬೆಳೆಯೋರಾದ್ರೆ ಧಾರವಾಡದ ಡಿಡಿಕೆ-1029 ತುಕ್ಕಿಗೆ ಗಟ್ಟಿ. ಲೋಕ್-1 ಮಾತ್ರ ತುಕ್ಕಿಗೆ ಬೇಗ ಬಗ್ಗುತ್ತೆ, ಎಷ್ಟೇ ಅಭ್ಯಾಸ ಆಗಿದ್ರೂ ಬಿಡಿ.

ಇಡೀ ಹೊಲಕ್ಕೆ ಒಂದೇ ತಳಿ ಬೇಡ, ಎರಡಾದ್ರೂ ಹಾಕಿ. ತಡ ಮಾಡಿ ಬಿತ್ತಬೇಡಿ.

ತೆನೆ ಬರೋ ಹೊತ್ತಿಗೆ ವಾರಕ್ಕೊಮ್ಮೆ ಹೊಲದ ನಾಲ್ಕೈದು ಕಡೆ ಕೊನೇ ಎಲೆ ಬೆರಳಿಂದ ಒರೆಸಿ ನೋಡಿ, ಕಿತ್ತಳೆ ಪುಡಿ ಅಂಟಿದ್ರೆ ಮೇಲೆ ಹೇಳಿದ ಹಂಗೆ ನೀವೇ ಸ್ಕೋರ್ ಹಾಕಿ. ಎಸ್ ಗುಳ್ಳೆ ಏರ್ತಾ ಇದ್ರೆ ಲೀಟರ್ ನೀರಿಗೆ 1 ಮಿಲಿ ಪ್ರೊಪಿಕೊನಜೋಲ್ ಅನ್ನೋ ಶಿಲೀಂಧ್ರನಾಶಕ ಹಾಕಿ ಹೊಡೀರಿ. ಗಟ್ಟಿ ಅಂದಿದ್ದ ತಳಿಗೇ ಎಸ್ ಬಂದ್ರೆ ಹೊಸ ರೇಸ್ ಇರಬಹುದು, ಔಷಧಿ ಹೊಡಿಯೋ ಮುಂಚೆ ಎಲೆ ಕಿತ್ತು ನೆರಳಲ್ಲಿ ಆರಿಸಿ ಕಾಗದದ ಕವರ್‌ಗೆ ಹಾಕಿ, ಪ್ಲಾಸ್ಟಿಕ್ ಬೇಡ, ಬೆವರಿ ಕೊಳೆಯುತ್ತೆ. ಮೇಲೆ ತಳಿ, ಊರು, ದಿನಾಂಕ ಬರೆದು ಧಾರವಾಡ ಕೃಷಿ ವಿವಿ ಗೋಧಿ ವಿಭಾಗಕ್ಕೆ ಮುಟ್ಟಿಸಿ, ಯಾವ ರೇಸ್ ಅಂತ ಗುರುತು ಹಿಡಿಯೋ ಕೆಲಸ ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರದಲ್ಲಿ ಆಗುತ್ತೆ.